ಬಾವಿಗಿಳಿದ ಆಮೆ ಮೇಡಂ

ಅವರ ಎಡಗೈಯ ಮಣಿಕಟ್ಟು ಸೊಟ್ಟಗಿತ್ತು. ಮುರಿದ ಮೂಳೆ ಕೂಡಿಕೊಳ್ಳುವಾಗ ತನಗೆ ತೋಚಿದಂತೆ ಕೂಡಿಕೊಂಡಿತ್ತು. ಕೈ ಚಾಚಿದರೆ ಅಂಗೈ ಒಂದಿಷ್ಟು ಹೊರಕ್ಕೆ ವಾಲುತ್ತಿತ್ತು. ಗಾಜಿನ ಬಳೆಗಳು ಜಾರಿ ಬಂದು ಆ ಗಂಟಿಗೆ ತಾಗಿ ನಿಲ್ಲುತ್ತಿದ್ದವು. ಚಳ್ಳಕೆರೆಯ ನಮ್ಮ ಕಾಲೇಜಿಗೆ ಪ್ರಾಣಿಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದ ಮೊದಲ ದಿನ, ಸ್ಟಾಫ್ ರೂಮಿನಲ್ಲಿ ಚಹಾದ ಲೋಟಕ್ಕೆ ಕೈ ಚಾಚಿದಾಗ ಅದು ನನ್ನ ಕಣ್ಣಿಗೆ ಬಿತ್ತು. ಎಲ್ಲಾದರೂ ಬಿದ್ದಿದ್ದಿರಾ ಎಂದು ಕೇಳಿದೆ.

“ಇಲ್ರಿ ಮೇಡಂ, ಆಮೆ ಹೊಡೀತು,” ಅಂದರು.

ರೂಮಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕು, ಆಮೇಲೆ ಬಿಡಿಸಿ ಹೇಳಿದರು. ಅದು ಕೆರೆಯ ಆಮೆಯಲ್ಲ, ಕಡಲಾಮೆ. ಅದಕ್ಕೆ ಮುಂಗಾಲಿನ ಬದಲು ದೋಣಿಯ ಹುಟ್ಟಿನಂಥ ರೆಕ್ಕೆಗಳಿರುತ್ತವೆ. ಮೊಟ್ಟೆ ಇಡಲು ದಡಕ್ಕೆ ಬಂದ ಆಮೆಯ ಬೆನ್ನಿಗೆ ಒಂದು ಯಂತ್ರ ಅಂಟಿಸುವಾಗ ಅದು ಆ ರೆಕ್ಕೆ ಬೀಸಿತಂತೆ. ಮಣಿಕಟ್ಟು ಎರಡು ತುಂಡಾಯಿತಂತೆ. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಹುಡುಗರು ಹುಡುಗಿಯರೆಲ್ಲ ಅವರನ್ನು ಆಮೆ ಮೇಡಂ ಎಂದು ಕರೆಯತೊಡಗಿದ್ದರು. ಹನ್ನೊಂದು ವರ್ಷ ಅದೇ ಕಾಲೇಜಿನಲ್ಲಿ ಪಾಠ ಮಾಡಿದ್ದ ನನಗೆ ಆ ಮಕ್ಕಳು ಒಂದು ಅಡ್ಡಹೆಸರನ್ನೂ ಇಟ್ಟಿರಲಿಲ್ಲ. ಹೇಳಿದರೆ ಸಣ್ಣತನ ಎನ್ನಿಸುತ್ತದೆ. ಆದರೆ ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ.

ತೊಂಬತ್ತರ ದಶಕದ ನಡುವಿನ ಮಾತು ಇದು. ಪ್ರಾಣಿಶಾಸ್ತ್ರ ವಿಭಾಗ ಎಂದರೆ ಆಗ ನಾನೊಬ್ಬಳೇ. ನಮ್ಮದು ಎಣ್ಣೆ ಮಿಲ್ಲಿನ ಮನೆತನ. ಮನೆಯಲ್ಲಿ ಕೂತು ಉಣ್ಣಬಹುದಾಗಿದ್ದರೂ ಹಟ ಹಿಡಿದು ಕೆಲಸಕ್ಕೆ ಸೇರಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಅಂಚು ಹಳದಿಯಾದ ನೋಟ್ಸ್ ಹಿಡಿದು ನಿಧಾನವಾಗಿ ಬರೆಸುತ್ತಿದ್ದೆ. ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಕಡಲನ್ನು ನಾನು ನೋಡಿದ್ದು ಜೀವನದಲ್ಲಿ ಒಂದೇ ಸಲ, ಮದುವೆಯಾದ ವರ್ಷ. ಆಗಲೂ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ತೋಯಿಸಿಕೊಂಡು ಬಂದಿದ್ದೆ, ಅಷ್ಟೆ.

ಅವರು ಮೊಳಕಾಲ್ಮುರು ತಾಲ್ಲೂಕಿನವರು. ರಾಂಪುರದಿಂದ ಆಚೆಗೆ ಒಂದು ಹಟ್ಟಿ. ಕುರಿ ಸಾಕುವ ಮನೆ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಏನನ್ನಾದರೂ ಎಣಿಸುವಾಗ ಮಾತ್ರ ಅವರಿಗೆ ಅರಿವಿಲ್ಲದೆಯೇ ತೆಲುಗು ಬರುತ್ತಿತ್ತು. ಪ್ರಾಕ್ಟಿಕಲ್‌ನಲ್ಲಿ ಜಿರಲೆಯ ಉದರದ ಖಂಡಗಳನ್ನು ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದರೆ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಎಂ.ಎಸ್ಸಿ. ಮುಗಿಸಿ ಮೂರು ವರ್ಷ ಪೂರ್ವದ ಕಡಲ ದಂಡೆಯಲ್ಲಿ, ಆಮೆಗಳ ಅಧ್ಯಯನ ಮಾಡುವವರ ಜೊತೆ ಸಹಾಯಕಿಯಾಗಿ ದುಡಿದಿದ್ದರು. ಆ ಅಧ್ಯಯನ ನಿಂತುಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಕುರಿ ಕಾಯುವ ಮನೆಯಿಂದ ಕಡಲಿಗೆ ಹೇಗೆ ಹೋದಿರಿ ಎಂದು ಯಾರೋ ಕೇಳಿದ್ದಕ್ಕೆ, ಎರಡೂ ಒಂದೇ ಕೆಲಸ, ಮೇಯಲು ಹೋದದ್ದು ತಿರುಗಿ ಬರುವ ತನಕ ಕಾಯಬೇಕು ಎಂದಿದ್ದರು.

ಕಾಯುವುದೇ ಆ ಕೆಲಸದ ತಿರುಳಾಗಿತ್ತಂತೆ. ಆಮೆ ಮೊಟ್ಟೆಯಿಟ್ಟು ಕಡಲಿಗೆ ಮರಳುವ ಮೊದಲು ಅದರ ಚಿಪ್ಪಿಗೆ ಬ್ಯಾಟರಿಯಷ್ಟು ದಪ್ಪದ ಒಂದು ಪೆಟ್ಟಿಗೆಯನ್ನು ಗಟ್ಟಿ ಅಂಟಿನಿಂದ ಕೂರಿಸುವುದು. ನೀರೊಳಗೆ ಆಮೆ ಎಷ್ಟು ಆಳಕ್ಕಿಳಿಯಿತು, ಎಷ್ಟು ಹೊತ್ತು ಇತ್ತು, ಯಾವಾಗ ಉಸಿರಿಗೆ ಮೇಲೆ ಬಂತು ಎಂಬುದನ್ನು ಆ ಪೆಟ್ಟಿಗೆ ಬಿಡದೆ ಗುರುತು ಹಾಕಿಕೊಳ್ಳುತ್ತದೆ. ಕೆಲವು ವಾರಗಳ ಮೇಲೆ ಅದೇ ಆಮೆ ಅದೇ ದಂಡೆಗೆ ಮತ್ತೆ ಮೊಟ್ಟೆಯಿಡಲು ಬಂದರೆ ಪೆಟ್ಟಿಗೆ ಸಿಕ್ಕಿತು, ಬರದಿದ್ದರೆ ಹೋಯಿತು. ಇವರು ಮೂರು ಪೆಟ್ಟಿಗೆ ಕೂರಿಸಿದ್ದರು. ತಿರುಗಿ ಬಂದದ್ದು ಒಂದು.

ಆ ಒಂದು ಪೆಟ್ಟಿಗೆ ಹೇಳಿದ್ದನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಗೆರೆಯಾಗಿ ಎಳೆದಿದ್ದರು. ಅದರ ಒಂದು ಪ್ರತಿ ಅವರ ಹತ್ತಿರ ಇತ್ತು. ಕರಿ ಕಂಬಳಿಯ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಶ್ವಾಸಕೋಶದ ಪಾಠ ಬಂದ ದಿನ ಅದನ್ನು ಬಿಚ್ಚಿ ಗೋಡೆಯ ಆ ತುದಿಯಿಂದ ಈ ತುದಿಗೆ ಹುಡುಗಿಯರ ಕೈಯಲ್ಲಿ ಹಿಡಿಸಿದರು. ನಾನು ಹಾಜರಿ ಪುಸ್ತಕ ಎದೆಗವಚಿಕೊಂಡು, ಏನೋ ಕೆಲಸವಿದ್ದವಳಂತೆ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದೆ. ಕಾಗದದ ಮೇಲಂಚು ನೀರಿನ ಮೇಲ್ಮೈ. ಅಲ್ಲಿಂದ ಗೆರೆ ಕೆಳಗಿಳಿದು, ತಳದಲ್ಲಿ ನೆಟ್ಟಗೆ ಬಹಳ ದೂರ ಹೋಗಿ, ಮತ್ತೆ ಮೇಲೇರಿ, ಒಂದು ಚುಕ್ಕೆಯಷ್ಟು ಹೊತ್ತು ಮೇಲಿದ್ದು ತಿರುಗಿ ಇಳಿಯುತ್ತಿತ್ತು. ಬೋಗುಣಿಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಕಾಣುತ್ತಿತ್ತು.

ಅವರು ಹುಡುಗಿಯರಿಗೆ ಹೇಳಿದ್ದು ನನಗೆ ಈಗಲೂ ಹಾಗೇ ಕಿವಿಯಲ್ಲಿದೆ. “ಆಮೆ ಸುಮ್ನೆ ಮುಳುಗಲ್ಲ. ಎಷ್ಟು ಆಳಕ್ಕೆ ಹೋಗ್ಬೇಕು ಅನ್ನೋದರ ಮೇಲೆ ಎಷ್ಟು ಉಸಿರು ಎಳ್ಕೋಬೇಕು ಅಂತ ಐತೆ. ಜಾಸ್ತಿ ಎಳ್ಕೊಂಡ್ರೆ ನೀರೇ ಮೇಲಕ್ಕೆ ತಳ್ತೈತೆ, ಕಮ್ಮಿಯಾದ್ರೆ ಜಾಸ್ತಿ ಹೊತ್ತು ಇರೋಕಾಗಲ್ಲ. ಅದನ್ನ ಅದು ಮೇಲಿದ್ದಾಗ್ಲೇ ತೀರ್ಮಾನ ಮಾಡಿರ್ತೈತೆ. ಆ ಆಳಕ್ಕೆ ಹೋದ್ರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ರೆಕ್ಕೆ ಆಡಿಸ್ದೆ ತೂಗಾಡ್ಕೊಂಡು ಇರ್ತೈತೆ.”

ಹನ್ನೊಂದು ವರ್ಷ ನಾನು ಶ್ವಾಸಕೋಶದ ಪಾಠ ಮಾಡಿದ್ದೆ. ಉಸಿರು ತೂಕ ಇಳಿಸುವ, ಏರಿಸುವ ವಸ್ತುವೂ ಆಗಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆ ಕಾರಿಡಾರಿನಲ್ಲಿ ನನ್ನ ಮುಖ ಬಿಸಿಯಾಯಿತು. ಗೊತ್ತಿಲ್ಲದ್ದು ಗೊತ್ತಾಯಿತೆಂಬ ಖುಷಿ ಆಗಬೇಕಿತ್ತು. ಆಗಲಿಲ್ಲ. ಇದನ್ನು ಈಕೆಯಿಂದ ಕೇಳಬೇಕಾಯಿತಲ್ಲ ಎನ್ನಿಸಿತು.

ಅವರಿಗೆ ಒಂದು ಅಭ್ಯಾಸವಿತ್ತು. ಏನೇ ಹೇಳಲಿ, ಇದು ನಾನು ನೋಡಿದ್ದು, ಇದು ಪೆಟ್ಟಿಗೆ ಹೇಳಿದ್ದು, ಇದು ನನ್ನ ಅಂದಾಜು ಎಂದು ಮೂರು ಪಾಲು ಮಾಡುತ್ತಿದ್ದರು. ಊಟದ ಡಬ್ಬಿ ಬಿಚ್ಚಿ ಹರಟೆ ಹೊಡೆಯುವಾಗಲೂ ಅಷ್ಟೆ. ಒಮ್ಮೆ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಹಿರಿಯಳಾಗಿ ಪಾಠ ನೋಡುವುದು ನನ್ನ ಹಕ್ಕು ಎಂಬ ನೆಪ. ಆಮೆ ತಳದಲ್ಲಿ ಮಲಗಿ ನಿದ್ದೆ ಮಾಡುತ್ತದೆ ಎಂದು ಅವರು ಹೇಳುತ್ತಿದ್ದಂತೆ ಎದ್ದು ನಿಂತು, ನಿದ್ದೆ ಮಾಡಿದ್ದನ್ನು ನೀವು ನೋಡಿದ್ದೀರಾ ಎಂದು ಕೇಳಿದೆ. ಹುಡುಗಿಯರೆಲ್ಲ ತಿರುಗಿ ನನ್ನನ್ನು ನೋಡಿದರು.

“ಇಲ್ಲ ಮೇಡಂ, ನೋಡಿಲ್ಲ,” ಎಂದರು ಅವರು. “ಒಂದೇ ಆಳದಾಗೆ ಮುಕ್ಕಾಲು ಗಂಟೆ ಇತ್ತು ಅಂತ ಅಷ್ಟೇ ಪೆಟ್ಟಿಗೆ ಹೇಳ್ತೈತೆ. ನಿದ್ದೆ ಅನ್ನೋದು ಅಂದಾಜು. ಅಂದಾಜು ಅಂತ ಹೇಳ್ದೇ ಹೋಗಿದ್ದು ನನ್ನ ತಪ್ಪು.” ಹಾಗೆಂದು ಬೋರ್ಡಿನ ಮೇಲೆ ‘ನಿದ್ದೆ’ ಎಂದು ಬರೆದು ಅದರ ಮುಂದೆ ಪ್ರಶ್ನೆಯ ಗುರುತು ಹಾಕಿದರು. ಅವರ ಮಾನ ಕಳೆಯಲು ಎದ್ದವಳು ನಾನು. ಆ ದಿನದಿಂದ ಹುಡುಗಿಯರು ಅವರನ್ನು ಇನ್ನಷ್ಟು ಹಚ್ಚಿಕೊಂಡರು.

ಆ ಹುಡುಗಿಯರಲ್ಲಿ ನನ್ನ ಮಗಳೂ ಒಬ್ಬಳು.

ಅವಳು ಆಗ ಪಿಯುಸಿ ಮೊದಲ ವರ್ಷ. ಚಿಕ್ಕಂದಿನಿಂದ ನನ್ನ ಸೆರಗು ಹಿಡಿದು ಬೆಳೆದವಳು. ಅವ್ವನ ಕಾಲೇಜು ಎಂದು ಆಸೆಪಟ್ಟು ಅಲ್ಲಿಗೇ ಸೇರಿದ್ದಳು. ಈಗ ತಟ್ಟೆಯ ಮುಂದೆ ಕೂತರೆ ಮೇಡಂ ಹಿಂಗಂದ್ರು, ಮೇಡಂ ಹಂಗಂದ್ರು ಎಂಬುದೇ ಮಾತು. ನೀರು ತಣ್ಣಗಿದ್ದಷ್ಟೂ ಆಮೆ ಹೆಚ್ಚು ಹೊತ್ತು ಉಸಿರು ಹಿಡಿಯುತ್ತದಂತೆ, ಏಕೆಂದರೆ ಅದರ ಮೈಯೂ ತಣ್ಣಗಾಗಿ ಖರ್ಚು ಕಡಿಮೆಯಾಗುತ್ತದಂತೆ. ಕೆಲವು ದೊಡ್ಡ ಜಾತಿಯವು ಎದೆಯ ಗಾಳಿಯನ್ನು ನಂಬದೆ, ರಕ್ತದಲ್ಲೇ ಉಸಿರನ್ನು ಕೂಡಿಟ್ಟುಕೊಂಡು ಬೆಳಕೇ ಇಲ್ಲದ ಆಳಕ್ಕೆ ಹೋಗುತ್ತವಂತೆ. ನಾನು ಅನ್ನ ಬಡಿಸುತ್ತಾ, ಹೌದು, ಅದು ನನಗೂ ಗೊತ್ತು ಎನ್ನುತ್ತಿದ್ದೆ. ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿ ತಟ್ಟೆಯ ಕಡೆ ಬಗ್ಗುತ್ತಿದ್ದಳು. ಒಂದು ದಿನ ಮೇಡಂ ಜಡೆ ಹಾಕಿಕೊಳ್ಳುವಂತೆಯೇ ಹಿಂದಕ್ಕೆ ಎಳೆದು ಜಡೆ ಹಾಕಿಕೊಂಡು ಬಂದಳು. ಕೂದಲು ಉದುರುತ್ತದೆ ಎಂದು ಗದರಿ ಬಿಚ್ಚಿಸಿದೆ.

ನವೆಂಬರಿನಲ್ಲಿ ಕಾಲೇಜಿನಿಂದ ಒಂದು ದಿನದ ಪ್ರವಾಸ. ಬೆಳಿಗ್ಗೆ ಬ್ರಹ್ಮಗಿರಿಯ ಶಾಸನ ನೋಡಿ, ಮಧ್ಯಾಹ್ನ ಆಮೆ ಮೇಡಂ ಊರಿನ ಬಳಿ ಊಟ ಎಂದು ಏರ್ಪಾಡು. ನಾವಿಬ್ಬರೇ ಉಪನ್ಯಾಸಕರು, ಜೊತೆಗೆ ಮೂವತ್ತು ಮಕ್ಕಳು. ಅವರ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದಾರಿಗೆ ಬಂದು ನಿಂತಿದ್ದರು. ಮಗಳ ಜೊತೆ ತೆಲುಗಿನಲ್ಲಿ ಒಂದೆರಡು ಮಾತಾಡಿ, ನನಗೆ ಬಗ್ಗಿ ಕೈ ಮುಗಿದರು. ಹೊಲದ ನಡುವೆ ಕಲ್ಲಿನ ಮೆಟ್ಟಿಲಿನ ದೊಡ್ಡ ಬಾವಿ. ಆ ವರ್ಷ ಹಿಂಗಾರು ಚೆನ್ನಾಗಿ ಬಿದ್ದು ನೀರು ಮೇಲಿತ್ತು. ಜೋಳದ ರೊಟ್ಟಿ, ಕಾಳುಪಲ್ಯ ಉಂಡಾದ ಮೇಲೆ ಅವರು ಮಕ್ಕಳನ್ನೆಲ್ಲ ಬಾವಿಯ ಕಟ್ಟೆಯಿಂದ ಈಚೆಗೆ ಸಾಲಾಗಿ ಕೂರಿಸಿದರು. ಯಾರೂ ಮೆಟ್ಟಿಲಿಗೆ ಕಾಲಿಡಬಾರದು ಎಂದು ಎರಡು ಸಲ ಹೇಳಿದರು. ಅಪ್ಪನನ್ನು ಮೊದಲ ಮೆಟ್ಟಿಲ ಮೇಲೆ ಅಡ್ಡ ನಿಲ್ಲಿಸಿದರು. ಇದನ್ನೆಲ್ಲ ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಚೂಡಿದಾರದ ದುಪಟ್ಟಾ ಬಿಗಿದು ಸೊಂಟಕ್ಕೆ ಕಟ್ಟಿ ನೀರಿಗಿಳಿದರು. ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಕಲ್ಲು ಕಟ್ಟಿ ಮೊದಲೇ ಇಳಿಬಿಟ್ಟಿದ್ದರು. ಮೊದಲು ಎದೆ ತುಂಬ ಉಸಿರೆಳೆದು ಮುಳುಗಿದರು. ಕಾಲು ಬಡಿದು ಬಡಿದು ಎರಡು ಗಂಟಿನಷ್ಟು ಹೋಗುವುದೇ ಕಷ್ಟವಾಯಿತು. ಬಿಟ್ಟೊಡನೆ ಬೆಂಡಿನಂತೆ ಮೇಲೆ ಬಂದರು. ಆಮೇಲೆ ಅರ್ಧ ಉಸಿರು ಹೊರಬಿಟ್ಟು ಇಳಿದರು. ಈ ಸಲ ಕೈಕಾಲು ಆಡಿಸಲೇ ಇಲ್ಲ. ಹಸಿರು ನೀರಿನಲ್ಲಿ ಅವರ ಬಿಳಿ ಚೂಡಿದಾರ ನಿಧಾನವಾಗಿ ಸಣ್ಣದಾಗುತ್ತಾ ಹೋಗಿ, ಒಂದು ಕಡೆ ನಿಂತಿತು. ಅಲ್ಲೇ ತೂಗುತ್ತಿದ್ದರು. ಮಕ್ಕಳು ಉಸಿರು ಬಿಗಿ ಹಿಡಿದಿದ್ದರು. ನನ್ನ ಮಗಳು ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಬೆಳಕಿತ್ತು. ಆ ಮುಖ ನನ್ನ ಕಡೆಗೆ ಎಂದೂ ಹಾಗೆ ತಿರುಗಿರಲಿಲ್ಲ.

ಆ ಕ್ಷಣದಲ್ಲಿ ನೀರೊಳಗಿನ ಬಿಳಿ ಚೂಡಿದಾರ ನೋಡುತ್ತಾ ನನಗೆ ಅನ್ನಿಸಿತು, ಇವಳು ಏಳದಿದ್ದರೆ.

ಅಷ್ಟೇ. ಎರಡು ಮಾತು. ಕೆಟ್ಟದ್ದನ್ನು ನಾನಾಗಿ ಬಯಸಿ ಕರೆದದ್ದಲ್ಲ, ಅದಾಗಿಯೇ ಬಂತು ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ಬಂದದ್ದು ನನ್ನೊಳಗಿನಿಂದಲೇ. ಅವರು ಎದ್ದರು. ಮುಖದ ನೀರು ಒರೆಸಿಕೊಳ್ಳುತ್ತಾ ಮೊದಲು ನನ್ನ ಕಡೆ ನೋಡಿ ನಕ್ಕು, ಎಷ್ಟು ಹೊತ್ತಾಯಿತು ಮೇಡಂ ಎಂದು ಕೇಳಿದರು. ಗಡಿಯಾರ ನೋಡುವ ಕೆಲಸ ನನಗೆ ಒಪ್ಪಿಸಿದ್ದರು. ನಾನು ನೋಡಿರಲಿಲ್ಲ.

ಹೆಣ್ಣು ಮಾಸ್ತರು ಮಕ್ಕಳ ಮುಂದೆ ಬಾವಿಗಿಳಿದಳಂತೆ ಎಂಬ ಸುದ್ದಿ ವಾರದೊಳಗೆ ಊರೆಲ್ಲ ಹಬ್ಬಿತು. ಒಬ್ಬಿಬ್ಬರು ತಂದೆಯರು ಬಂದು ಕೇಳಿಹೋದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ತಂಟೆ ಬೇಡವೆನ್ನುವ ಮನುಷ್ಯ. ನನ್ನನ್ನು ಕರೆಸಿ, ನೀವೂ ಇದ್ದಿರಲ್ಲ, ಏನಾಯಿತು ಬರೆದುಕೊಡಿ ಎಂದರು. ಅಪಾಯವೇನೂ ಇರಲಿಲ್ಲ ಎಂದು ನಾನು ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಬರೆದದ್ದು ಬೇರೆ. ಅವರು ಬಾವಿಗೆ ಇಳಿದದ್ದು ನಿಜ, ಅದನ್ನು ಬರೆದೆ. ಆಮೇಲೆ, ಹುಡುಗಿಯರನ್ನೂ ಇಳಿಸಬೇಕೆಂದಿದ್ದರು, ನಾನೇ ಅಡ್ಡ ಬಂದು ತಡೆದೆ ಎಂದು ಸೇರಿಸಿದೆ. ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿ ಹಾಕಿ ಕೊಟ್ಟೆ.

ಜೂನಿನಲ್ಲಿ ಅವರನ್ನು ಮತ್ತೆ ಕರೆಯಲಿಲ್ಲ. ಹೋಗುವ ದಿನ ಲ್ಯಾಬಿನ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟು, ಬರ್ತೀನ್ರಿ ಮೇಡಂ ಎಂದರು. ನನ್ನ ಮಗಳು ಎರಡು ದಿನ ಊಟ ಬಿಟ್ಟಳು. ಪ್ರಿನ್ಸಿಪಾಲರನ್ನು ಬೈದಳು, ಊರಿನವರನ್ನು ಬೈದಳು. ನಾನು ಅವಳ ತಲೆ ಸವರಿ ಸಮಾಧಾನ ಮಾಡಿದೆ. ಅವಳು ಮತ್ತೆ ನನ್ನ ಮಡಿಲಿಗೆ ಬಂದಳೆಂದು ನನಗೆ ಆ ದಿನ ಸಂತೋಷವೇ ಆಗಿತ್ತು.

ಆದರೆ ಮಗಳಿಗೆ ಅವರಿಂದ ಕಾಗದಗಳು ಬರತೊಡಗಿದವು. ಒಂದು ವರ್ಷ ರಾಂಪುರದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿದರಂತೆ. ಆಮೇಲೆ ಕಡಲ ಕಡೆಯಿಂದ ಮತ್ತೆ ಕರೆ ಬಂದು ಹೋದರಂತೆ. ಕಾಗದಗಳಲ್ಲಿ ನೀರಿನ ಚಿತ್ರ, ಗೆರೆಗಳ ಚಿತ್ರ. ಮಗಳು ಕಾಲೇಜಿಗೆ ಹೋದಾಗ ನಾನು ಅವನ್ನೆಲ್ಲ ತೆಗೆದು ಓದುತ್ತಿದ್ದೆ. ನನ್ನ ಹೆಸರು ಬರುತ್ತದೆಯೇ ಎಂದು ಸಾಲು ಸಾಲಾಗಿ ಹುಡುಕುತ್ತಿದ್ದೆ. ಪ್ರತಿ ಕಾಗದದ ಕೊನೆಗೆ ‘ಅಮ್ಮನಿಗೆ ನಮಸ್ಕಾರ ತಿಳಿಸು’ ಎಂದಷ್ಟೇ ಇರುತ್ತಿತ್ತು. ಮಗಳು ಎಂ.ಎಸ್ಸಿ. ಮಾಡಿ, ಎರಡು ಚಳಿಗಾಲ ಅವರ ಜೊತೆ ಅದೇ ದಂಡೆಯಲ್ಲಿದ್ದು ಬಂದಳು. ಮುಖ ಕಪ್ಪಾಗಿ, ಕೂದಲು ಸೆಟೆದು ಬಂದ ಅವಳನ್ನು ನೋಡಿದಾಗ, ಇವಳನ್ನು ಹೆತ್ತವಳು ನಾನು, ಬೆಳೆಸಿದವರು ಅವರು ಎನ್ನಿಸಿತು.

ಅವರು ನಮ್ಮ ಕಾಲೇಜು ಬಿಟ್ಟು ಎಂಟು ವರ್ಷವಾಗಿತ್ತು. ಒಂದು ಮಧ್ಯಾಹ್ನ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಸಿಮೆಂಟ್ ಬೆಂಚಿನ ಮೇಲೆ ಅವರು ಕೂತಿದ್ದರು. ಅಪ್ಪನಿಗೆ ಹುಷಾರಿಲ್ಲವೆಂದು ಬಂದವರು, ಬಳ್ಳಾರಿ ಕಡೆಯ ಬಸ್ಸಿಗೆ ಕಾಯುತ್ತಿದ್ದರು. ಕೂದಲು ಅರ್ಧ ನರೆತಿತ್ತು. ನಾನು ತಪ್ಪಿಸಿಕೊಂಡು ಹೋಗಬಹುದಿತ್ತು. ಅವರೇ ಕರೆದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮಗಳ ವಿಷಯ, ಅಪ್ಪನ ವಿಷಯ ಮಾತಾಯಿತು. ಆಮೇಲೆ ನಾನು, ನಿಮಗೊಂದು ಮಾತು ಹೇಳಬೇಕು, ಆ ವರ್ಷ ಪ್ರಿನ್ಸಿಪಾಲರಿಗೆ ನಾನು ಒಂದು ಕಾಗದ ಬರೆದಿದ್ದೆ ಎಂದು ಶುರು ಮಾಡಿದೆ.

“ಗೊತ್ತು ಮೇಡಂ,” ಎಂದರು. “ಯಾಕೆ ಕರೀಲಿಲ್ಲ ಅಂತ ಕೇಳೋಕೆ ಹೋದಾಗ ತೋರ್ಸಿದ್ರು. ಪೂರ್ತಿ ಓದಿದೆ. ಅದ್ರಾಗೆ ನೀವು ನೋಡಿದ್ದು ಎರಡು ಸಾಲು. ಮಿಕ್ಕಿದ್ದು ನೋಡಿದ್ದಲ್ಲ.”

ಕ್ಷಮಿಸಿ ಎಂದೆ. ಬಸ್ಸೊಂದು ಬಂದು, ಜನ ಇಳಿದು, ಹತ್ತಿ, ಹೋಯಿತು. ಅದು ಅವರ ಬಸ್ಸಲ್ಲ.

“ಸಿಟ್ಟು ಬಂದಿತ್ತು. ಈಗ್ಲೂ ಐತೆ, ಇಲ್ಲ ಅಂದ್ರೆ ಸುಳ್ಳಾಗ್ತೈತೆ,” ಎಂದರು. “ನಮ್ಮಪ್ಪ ಆ ಮಳೆಗಾಲವೆಲ್ಲ ಜನದ ಮುಂದೆ ತಲೆ ಎತ್ತಲಿಲ್ಲ. ಆದ್ರೆ ನಿಮ್ಮ ಮಗಳಿಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ.”

ಯಾಕೆ ಎಂದು ಕೇಳುವಷ್ಟರಲ್ಲಿ ಅವರ ಬಸ್ಸು ಬಂತು. ಚೀಲ ಎತ್ತಿಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತರು. ಕೈ ಬೀಸಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಕಾಮಾಲೆಯಾಗಿ, ಆಸ್ಪತ್ರೆಗೆ ಸೇರುವುದು ತಡವಾಗಿ, ಅಲ್ಲೇ ಕಡಲ ಊರಿನಲ್ಲಿ. ನಲವತ್ತು ದಾಟಿರಲಿಲ್ಲ. ಮಗಳು ಆಗ ದಾವಣಗೆರೆಯಲ್ಲಿ ಪಾಠ ಮಾಡುತ್ತಿದ್ದಳು. ಸುದ್ದಿ ತಿಳಿದ ದಿನವೇ ಬಸ್ ಹತ್ತಿ ಮನೆಗೆ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ನನ್ನ ಸಾವಿಗೆ ಇವಳು ಹೀಗೆ ಅಳುತ್ತಾಳೆಯೇ ಎಂದು ಆಗಲೂ ನಾನು ಲೆಕ್ಕ ಹಾಕಿದೆ. ಅತ್ತು ಅತ್ತು ಸುಸ್ತಾದ ಮೇಲೆ ಹೇಳಿದಳು, “ಅವರನ್ನ ಕಾಲೇಜಿಂದ ಕಳ್ಸಿದ್ದು ಯಾರು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ ಅವ್ವ. ಎಷ್ಟು ಸಲ ಕೇಳಿದೀನಿ. ನಕ್ಕು ಬೇರೆ ಮಾತು ತೆಗೆಯೋರು.”

ಒಲೆಯ ಮೇಲಿನ ಹಾಲು ಇಳಿಸಿ, ಒಲೆ ಆರಿಸಿ, ಅವಳ ಎದುರು ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಕಾಗದದಲ್ಲಿ ಬರೆದದ್ದನ್ನು ಹೇಳಿದೆ. ಬಾವಿಯ ಕಟ್ಟೆಯ ಮೇಲೆ ನನ್ನ ಮನಸ್ಸಿಗೆ ಬಂದ ಮಾತನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಎದ್ದು, ತಂದ ಚೀಲವನ್ನು ಬಿಚ್ಚದೆಯೇ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಐದು ತಿಂಗಳು ಫೋನ್ ಮಾಡಲಿಲ್ಲ. ಆರನೆಯ ತಿಂಗಳು ಬಂದಳು. ಈಗಲೂ ಹಬ್ಬಕ್ಕೆ ಬರುತ್ತಾಳೆ, ಉಣ್ಣುತ್ತಾಳೆ, ನನ್ನ ಮಾತ್ರೆಗಳನ್ನು ನೋಡಿ ಜೋಡಿಸಿಟ್ಟು ಹೋಗುತ್ತಾಳೆ. ಆದರೆ ಅವ್ವ ಎನ್ನುವಾಗ ಮೊದಲು ಒಂಚೂರು ತಡೆಯುತ್ತಾಳೆ.

ಅದಕ್ಕೆ ಮುಂಚಿನ ಹತ್ತು ವರ್ಷ ತಡೆಯದೆ ಕರೆಯುತ್ತಿದ್ದಳು. ಆ ಹತ್ತು ವರ್ಷವನ್ನು ನನಗೆ ಕೊಟ್ಟವರು ಅವರು, ಬಾಯಿ ಬಿಡದೆ, ಸಿಟ್ಟನ್ನೂ ಬಿಡದೆ. ನಾನಾಗಿದ್ದರೆ ಮೊದಲ ಕಾಗದದಲ್ಲೇ ಬರೆದುಬಿಡುತ್ತಿದ್ದೆ. ಅವರ ಓದಿನ ಮೇಲೆ, ಅವರು ಕಂಡ ಕಡಲಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ವಯಸ್ಸಾದಂತೆ ಒಂದೊಂದಾಗಿ ಆರಿತು. ಹಾಗೆ ಸುಮ್ಮನಿರಲು ಅವರಿಗೆ ಸಾಧ್ಯವಾಯಿತಲ್ಲ, ಅದರ ಮೇಲಿನದು ಮಾತ್ರ ಆರಿಲ್ಲ.